ಅವರೆಕಾಯಿ ಬಿಡಿಸುವ ಕೈ ನಿಂತಾಗ

ಇದು ನಮ್ಮ ಮನೆ ಹಾಲ್. ಭಾನುವಾರ ಮಧ್ಯಾಹ್ನ ಮೂರು ಗಂಟೆ. ಊಟ ಆಗಿದೆ. ಫೋನನ್ನು ಟಿವಿ ಪಕ್ಕದ ಸ್ಟೂಲಿನ ಮೇಲೆ, ಹಳೇ ಹಾರ್ಲಿಕ್ಸ್ ಬಾಟಲಿಗೆ ಒರಗಿಸಿ ನಿಲ್ಲಿಸಿದ್ದೇನೆ. ಕ್ಯಾಮೆರಾ ಟಿವಿ ಕಡೆಗಿಲ್ಲ, ಸೋಫಾ ಕಡೆಗಿದೆ. ಟಿವಿ ತೋರಿಸಿದರೆ ನನ್ನ ವಿಡಿಯೋ ಚಾನೆಲ್ಲಿಗೆ ಕಾಪಿರೈಟ್ ಸ್ಟ್ರೈಕ್ ಬರುತ್ತದೆ, ಅದು ಒಂದು ಕಾರಣ. ಇವತ್ತು ನನಗೆ ನೋಡಬೇಕಾಗಿರುವುದೇ ಇವರ ಮುಖ, ಅದು ಇನ್ನೊಂದು.

ಎಡಗಡೆ ಕೂತಿರುವುದು ನನ್ನ ಅಮ್ಮ. ಕೋಲಾರದ ಕಡೆಯವರು. ಮುಂದೆ ಪೇಪರ್ ಹಾಸಿಕೊಂಡು ಎರಡು ಕೆಜಿ ಅವರೆಕಾಯಿ ಸುರಿದುಕೊಂಡಿದ್ದಾರೆ. "ಸುಮ್ನೆ ಕೂತು ಸಿನಿಮಾ ನೋಡೋದಕ್ಕೆ ನನಗೆ ಆಗಲ್ಲ, ಕೈಗೆ ಕೆಲಸ ಬೇಕು" ಅಂದರು. ಮಧ್ಯದಲ್ಲಿ ನನ್ನ ಚಿಕ್ಕಮ್ಮನ ಮಗ, ಇಂಜಿನಿಯರಿಂಗ್ ಕೊನೇ ವರ್ಷ. ಅವನ ಕೈಗೂ ಕೆಲಸ ಇದೆ, ಫೋನ್. ಬಲಗಡೆ ನನ್ನ ಆಫೀಸಿನ ಗೆಳತಿ, ಉಡುಪಿಯವಳು. ಮೂವರಲ್ಲಿ ಈ ಸಿನಿಮಾ ಮೊದಲೇ ನೋಡಿರುವವಳು ಅವಳೊಬ್ಬಳೇ. ಎಷ್ಟು ಸಲ ಅಂತ ಕೇಳಿದರೆ ಲೆಕ್ಕ ಇಟ್ಟಿಲ್ಲ ಎನ್ನುತ್ತಾಳೆ.

ಸಿನಿಮಾ, 'ಉಳಿದವರು ಕಂಡಂತೆ'.

ಶುರು ಮಾಡುವ ಮೊದಲು ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಇದು ಬಿಡುಗಡೆಯಾಗಿದ್ದು 2014ರ ಮಾರ್ಚ್ 28ಕ್ಕೆ. ಆಗ ನಾನು ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೆ. ಎರಡನೇ ವಾರ ಗೆಳತಿಯರ ಜೊತೆ ಸಂಜೆ ಶೋಗೆ ಹೋದೆ. ಅರ್ಧಕ್ಕರ್ಧ ಖಾಲಿ ಥಿಯೇಟರ್. ಇಂಟರ್ವಲ್ ಹತ್ತಿರ ಬಂದರೂ ಕಥೆ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಅಂತ ನಮಗೆ ಹತ್ತಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ಜೋರಾಗಿಯೇ ಕೇಳಿದರು, "ಇದರಲ್ಲಿ ಹೀರೋ ಯಾರಯ್ಯಾ?" ಇಡೀ ಹಾಲ್ ನಕ್ಕಿತು. ನಾವೂ ನಕ್ಕೆವು. ಆ ಸಂಜೆ ಎಲ್ಲರೂ ಒಟ್ಟಿಗೆ ನಕ್ಕಿದ್ದು ಅದೊಂದೇ ಸಲ ಅನಿಸುತ್ತದೆ.

ಎರಡೂವರೆ ಗಂಟೆಯ ಸಿನಿಮಾ. ಪಿಜಿ ಗೇಟ್ ಒಂಬತ್ತೂವರೆಗೆ ಮುಚ್ಚುತ್ತಿತ್ತು. ಕೊನೆಯ ಇಪ್ಪತ್ತು ನಿಮಿಷ ಬಿಟ್ಟು ಎದ್ದು ಓಡಿದೆವು. ಆಮೇಲೆ ನಾಲ್ಕು ವರ್ಷ ಯಾರು ಕೇಳಿದರೂ "ತುಂಬಾ ಸ್ಲೋ, ತಲೆಬುಡ ಇಲ್ಲ" ಅಂತ ಹೇಳಿಕೊಂಡು ತಿರುಗಿದೆ. ಕೊನೆಯನ್ನೇ ನೋಡಿಲ್ಲ ಅಂತ ಮಾತ್ರ ಯಾರಿಗೂ ಹೇಳಲಿಲ್ಲ. ಲ್ಯಾಪ್‌ಟಾಪಿನಲ್ಲಿ ಪೂರ್ತಿ ನೋಡಿದ ರಾತ್ರಿ ಗೊತ್ತಾಯಿತು, ನಾನು ತಲೆಬುಡ ಇಲ್ಲ ಅಂದಿದ್ದ ಸಿನಿಮಾದ ಗಂಟು ಬಿಚ್ಚಿಕೊಳ್ಳುವುದೇ ಆ ಇಪ್ಪತ್ತು ನಿಮಿಷದಲ್ಲಿ ಅಂತ.

ಸರಿ, ಪ್ಲೇ ಒತ್ತಿದೆ.

ನೋಡದೇ ಇರುವವರಿಗೆ ಸ್ವಲ್ಪ ಹೇಳುತ್ತೇನೆ, ಕೊನೆ ಹೇಳುವುದಿಲ್ಲ. ಮಲ್ಪೆಯ ಮೀನುಗಾರರ ಊರು. ಕೃಷ್ಣ ಜನ್ಮಾಷ್ಟಮಿಯ ಸಮಯ. ಉಡುಪಿ ಕಡೆ ಅಷ್ಟಮಿಯ ಮರುದಿನ ವಿಟ್ಲಪಿಂಡಿ, ಮೊಸರು ಕುಡಿಕೆ, ಹುಲಿವೇಷ. ಆ ಗದ್ದಲದ ಮಧ್ಯೆ ಒಂದು ಅಪರಾಧ. ಅದರ ಸುತ್ತ ಏನೇನಾಯಿತು ಅಂತ ರೆಜಿನಾ ಎಂಬ ಪತ್ರಕರ್ತೆ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗುತ್ತಾಳೆ. ಸಿನಿಮಾ ಬೇರೆ ಬೇರೆ ಅಧ್ಯಾಯಗಳಾಗಿ ಒಡೆದುಕೊಳ್ಳುತ್ತದೆ. ಒಂದೇ ಘಟನೆ ಒಬ್ಬರ ಕಡೆಯಿಂದ ಒಂದು ಥರ, ಇನ್ನೊಬ್ಬರ ಕಡೆಯಿಂದ ಇನ್ನೊಂದು ಥರ. ನಿರ್ದೇಶನ ರಕ್ಷಿತ್ ಶೆಟ್ಟಿ, ರಿಚ್ಚಿ ಎಂಬ ರೌಡಿಯ ಪಾತ್ರವೂ ಅವರದೇ. ಸಂಗೀತ ಅಜನೀಶ್ ಲೋಕನಾಥ್.

ಹತ್ತು ನಿಮಿಷ ಆಗಿರಲಿಲ್ಲ, ಅಮ್ಮನ ಮೊದಲ ಪ್ರಶ್ನೆ ಬಂತು. "ಏನಂದ ಅವನು?"

ಗೆಳತಿ ಆಗಲೇ ನಗುತ್ತಿದ್ದಳು. ಕನ್ನಡವೇ, ಆದರೆ ಕರಾವಳಿಯ ಕನ್ನಡ. ಕೋಲಾರದ ಕಿವಿಗೆ ಅದರ ವೇಗ, ಎಳೆತ ಎರಡೂ ಹೊಸದು. ಗೆಳತಿ ವಿವರಿಸಿದಳು. ವಿವರಿಸಿ ಮುಗಿಸುವಷ್ಟರಲ್ಲಿ ಮುಂದಿನ ಮಾತು ಹೋಯಿತು. ಮತ್ತೆ "ಏನಂದ?" ಹಿಂದಕ್ಕೆ ಓಡಿಸಿದೆವು. ಮೂರು ಸಲ ಹೀಗಾಯಿತು.

ಈಗ ಈ ಫ್ರೇಮ್ ನೋಡಿ. ಬಲಗಡೆಯವಳು ಹೊಟ್ಟೆ ಹಿಡಿದು ನಗುತ್ತಿದ್ದಾಳೆ. ಎಡಗಡೆ ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಾರೆ, ಮುಖದಲ್ಲಿ ಏನೂ ಇಲ್ಲ. ಮಧ್ಯದವನು ಫೋನ್ ನೋಡುತ್ತಿದ್ದಾನೆ. ಒಂದೇ ದೃಶ್ಯ, ಒಂದೇ ಸೋಫಾ. 2014ರಲ್ಲಿ ನಾವು ಸ್ಲೋ ಅಂದೆವಲ್ಲ, ನಮಗೆ ಅರ್ಥವಾಗದೇ ಹೋದ ಜಾಗಗಳೆಲ್ಲ ನಮಗೆ ಸ್ಲೋ ಆಗಿ ಕಂಡಿದ್ದವು. ಅವಳಿಗೆ ಅದೇ ಜಾಗದಲ್ಲಿ ಸಾಮಾನು ತುಂಬಿಕೊಂಡಿದೆ. ಗುರುತಿನ ಬೈಗುಳ, ಗುರುತಿನ ಮೀನಿನ ಬುಟ್ಟಿ, ಪಕ್ಕದ ಮನೆಯ ಅಜ್ಜನ ಥರ ಮಾತಾಡುವ ಒಬ್ಬ.

"ಆಗ ನಮ್ಮ ಮಾತಿಗೆ ಸಬ್‌ಟೈಟಲ್ ಬೇಕು ಅಂತಿದ್ರಿ ಮಾರಾಯ್ತಿ. 'ಕಾಂತಾರ' ಬಂದ ಮೇಲೆ ನೀವೇ ಆಫೀಸಲ್ಲಿ 'ಎಂತ ಮಾರ್ರೆ' ಅಂತ ತಿರುಗ್ತಿದ್ರಿ," ಅಂದಳು. ಉತ್ತರ ಕೊಡಲು ನನ್ನ ಹತ್ತಿರ ಏನಿರಲಿಲ್ಲ. 2022ರಲ್ಲಿ ನಾನೂ ಹಾಗೆ ತಿರುಗಿದವಳೇ.

ತಮ್ಮನನ್ನು ಮೊದಲು ಎಬ್ಬಿಸಿದ್ದೂ 'ಕಾಂತಾರ'ವೇ. ಕಿಶೋರ್ ಬಂದ ಕೂಡಲೇ ಫೋನ್ ಕೆಳಗಿಟ್ಟ. "ಅರೆ, ಫಾರೆಸ್ಟ್ ಆಫೀಸರ್!" ಸ್ವಲ್ಪ ಹೊತ್ತಿಗೆ ಅಚ್ಯುತ್ ಕುಮಾರ್. "ಇವರೂ ಇದಾರಾ?" ಆಮೇಲೆ ರಿಷಬ್ ಶೆಟ್ಟಿ, ರಾಘು ಪಾತ್ರದಲ್ಲಿ. ಅವನಿಗೆ ಇದು ಹಳೇ ಆಲ್ಬಮ್ ತೆರೆದ ಹಾಗೆ ಆಯಿತು. ಆದರೆ ಕಿಶೋರ್ ಇಲ್ಲಿ ಯಾರ ಮೇಲೂ ಗುಡುಗುವುದಿಲ್ಲ. ಮುನ್ನಾ ಅಂತ ಹೆಸರು. ಶಾರದಾಳನ್ನು ದೂರದಿಂದ ನೋಡಿಕೊಂಡು, ಹೇಳಲಾಗದೆ ನಿಂತುಬಿಡುವ ಮನುಷ್ಯ. ತಮ್ಮ ಕಾದ, ಕಾದ. "ಇವರು ಯಾವಾಗ ಹೊಡೀತಾರೆ ಅಕ್ಕಾ?" ಅಂದ. ಮತ್ತೆ ಫೋನ್ ಎತ್ತಿಕೊಂಡ.

ಮಧ್ಯದಲ್ಲಿ ಅವನು ಇನ್ನೊಂದು ಗುಟ್ಟು ಬಿಟ್ಟುಕೊಟ್ಟ. ಅವನು ಸಾಮಾನ್ಯವಾಗಿ ಇಂಥ ಸಿನಿಮಾಗಳನ್ನು ಒಂದೂವರೆ ಪಟ್ಟು ಸ್ಪೀಡಿನಲ್ಲಿ ನೋಡುತ್ತಾನಂತೆ. 'ಗರುಡ ಗಮನ ವೃಷಭ ವಾಹನ'ವನ್ನೂ ಹಾಗೇ ಮುಗಿಸಿದನಂತೆ! ಗೆಳತಿ ಅವನನ್ನು ನೋಡಿದ ನೋಟ ನಿಮಗೆ ತೋರಿಸಬೇಕಿತ್ತು, ಆಗ ಫೋನ್ ಜಾರಿ ಮಲಗಿತ್ತು. ರಾಜ್ ಬಿ ಶೆಟ್ಟಿ ಮಳೆಯಲ್ಲಿ ಹುಲಿಯ ಹೆಜ್ಜೆ ಹಾಕುವ ಆ ದೃಶ್ಯ, ಹಿಂದೆ 'ಸೋಜುಗಾದ ಸೂಜುಮಲ್ಲಿಗೆ'. 2021ರ ನವೆಂಬರಿನಲ್ಲಿ ಥಿಯೇಟರಿನಲ್ಲಿ ನಾನು ನೋಡಿದಾಗ ಒಂದು ಶಿಳ್ಳೆಯೂ ಇಲ್ಲ, ಪಾಪ್‌ಕಾರ್ನ್ ಸದ್ದೂ ಇಲ್ಲ. ಆಗಷ್ಟೇ ಕೊಲೆ ಮಾಡಿ ಬಂದವನ ಕುಣಿತಕ್ಕೆ ದೇವರ ಹಾಡು. ಭಯಪಡಬೇಕೋ ಕೈಮುಗಿಯಬೇಕೋ ಗೊತ್ತಾಗದೆ ಎಲ್ಲರೂ ಹಾಗೇ ಕೂತಿದ್ದರು. ಅದನ್ನು ಓಡಿಸಿಕೊಂಡು ನೋಡಿದರೆ ಏನು ಸಿಗುತ್ತದೆ? ಒಬ್ಬ ಮನುಷ್ಯ ಮಳೆಯಲ್ಲಿ ಗಡಿಬಿಡಿಯಿಂದ ಎಗರಾಡುತ್ತಿದ್ದಾನೆ, ಅಷ್ಟೇ. ಬೈಯೋಣ ಅಂದುಕೊಂಡೆ. ಪಿಜಿ ಗೇಟ್ ನೆನಪಾಗಿ ಸುಮ್ಮನಾದೆ.

ಒಂದು ಗಂಟೆ ಕಳೆಯಿತು. ಸಿನಿಮಾ ಹಿಂದೆ ತೋರಿಸಿದ್ದ ಜಾಗಕ್ಕೇ ಇನ್ನೊಂದು ದಾರಿಯಿಂದ ಬಂದು ನಿಂತಿತು. ತಮ್ಮ ಎದ್ದು ಕೂತ. "ಇದನ್ನ ಆಗಲೇ ತೋರಿಸಿದ್ರಲ್ಲ? ಮತ್ತೆ ಯಾಕೆ?"

ನಾನು ಬಾಯಿ ತೆರೆದೆ. ಒಂದೇ ಘಟನೆಯ ಹಲವು ಮುಖಗಳು, ಜಪಾನಿನ ಸಿನಿಮಾ, ಹೀಗೆ ಏನೋ ದೊಡ್ಡದಾಗಿ ಹೇಳುವವಳಿದ್ದೆ. ಅದಕ್ಕೆ ಮೊದಲೇ ಅಮ್ಮ, ತಲೆ ಎತ್ತದೆ, ಕಾಯಿಯ ನಾರು ಎಳೆಯುತ್ತಾ ಹೇಳಿದರು:

"ಆಗ ತೋರಿಸಿದ್ದು ಅವನು ಹೇಳಿದ್ದು ಕಣೋ. ಇದು ಇವರು ಹೇಳ್ತಿರೋದು. ನಿಮ್ಮ ತಾತನ ಜಮೀನಿನ ಜಗಳ ನಾಲ್ಕು ಜನ ನಾಲ್ಕು ಥರ ಹೇಳಿದ್ದು ಕೇಳಿಲ್ವಾ ನೀನು? ಬಾವಿ ಕಟ್ಟೆ ಮೇಲೆ ಯಾರು ಮೊದಲು ಕೈ ಎತ್ತಿದ್ದು ಅಂತ ಇವತ್ತಿಗೂ ಗೊತ್ತಿಲ್ಲ."

"ದೊಡ್ಡಮ್ಮಾ, ನಮ್ಮಪ್ಪ ಹೇಳೋದು ದೊಡ್ಡ ಮಾವನೇ ಅಂತ."

"ನಿಮ್ಮಪ್ಪ ಆವತ್ತು ಊರಲ್ಲೇ ಇರಲಿಲ್ಲ!"

ಇಲ್ಲಿ ಸಿನಿಮಾ ಹನ್ನೆರಡು ನಿಮಿಷ ನಿಂತಿತು. ಆ ಭಾಗ ಕಟ್ ಮಾಡಿದ್ದೇನೆ, ನೆಂಟರು ಈ ಚಾನೆಲ್ ನೋಡುತ್ತಾರೆ.

ಮತ್ತೆ ಶುರುವಾದಾಗ ಒಂದು ಬದಲಾವಣೆ ಕಂಡಿತು. ತಮ್ಮ ಈಗ ಸಾಕ್ಷಿ ಹಿಡಿಯುವ ವಕೀಲನ ಥರ ಕೂತಿದ್ದ. "ಇವನು ಸುಳ್ಳು ಹೇಳ್ತಿದಾನೆ. ಆಗ ಅವನು ಆ ಕಡೆ ಇದ್ದ." ಗೆಳತಿಗೆ ಉತ್ತರ ಗೊತ್ತು, ತುಟಿ ಕಚ್ಚಿಕೊಂಡಿದ್ದಳು. ಡೆಮಾಕ್ರಸಿ ಅಂತ ಹೆಸರಿನ ಪುಟ್ಟ ಹುಡುಗ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೆ ನಗುತ್ತಿದ್ದರು. ಮೊದಲ ಗಂಟೆಯಲ್ಲಿ ಅವಳೊಬ್ಬಳೇ ನಗುತ್ತಿದ್ದಳು, ನೆನಪಿರಲಿ. ಹುಲಿವೇಷ ಬಂದಾಗ ಅವಳ ಕಾಲು ತಾನಾಗಿಯೇ ತಾಳ ಹಾಕಿತು. ಆ ತಾಸೆ ವಾದ್ಯದ ಸದ್ದು ಕೇಳಿದರೆ ಉಡುಪಿಯವರು ಎಲ್ಲಿದ್ದರೂ ಸುಮ್ಮನೆ ಕೂರುವುದಿಲ್ಲವಂತೆ.

ಆದರೆ ನನ್ನ ಕಣ್ಣು ಇದ್ದದ್ದು ಅಮ್ಮನ ಕೈಗಳ ಮೇಲೆ.

ಎರಡು ಗಂಟೆಯ ಫೂಟೇಜ್ ಅನ್ನು ರಾತ್ರಿ ಕೂತು ನೋಡಿದೆ. ಕಾಯಿ ಎತ್ತು, ತುದಿ ಮುರಿ, ನಾರು ಎಳೆ, ಹೆಬ್ಬೆರಳು ಹಾಕಿ ಸೀಳು, ಕಾಳು ಪಾತ್ರೆಗೆ. ಗುಂಡು ಹಾರಲಿ, ಚಾಕು ಬರಲಿ, ಕೈ ನಿಲ್ಲುವುದಿಲ್ಲ. ರಿಚ್ಚಿ ಕಪ್ಪು ಕನ್ನಡಕ ಹಾಕಿಕೊಂಡು ನಡೆದು ಬಂದರೂ ನಿಲ್ಲಲಿಲ್ಲ. ನಿಂತಿದ್ದು ತಾರಾ ಬಂದಾಗ. ರತ್ನಕ್ಕ. ಎಷ್ಟೋ ವರ್ಷದ ಹಿಂದೆ ಊರು ಬಿಟ್ಟ ಮಗ ರಾಘು ವಾಪಸ್ ಬರುತ್ತಾನೆ. ಅಲ್ಲಿ ನೋಡಿ, ಅಮ್ಮನ ಹೆಬ್ಬೆರಳು ಅರ್ಧ ಸೀಳಿದ ಕಾಯಿಯ ಒಳಗೇ ಇದೆ. ಬಾಯಿ ಸ್ವಲ್ಪ ತೆರೆದಿದೆ. ಈ ಸಲ "ಏನಂದ?" ಅಂತ ಕೇಳಲಿಲ್ಲ. ರತ್ನಕ್ಕನ ಮಾತಿನ ಎಳೆತವೂ ಅದೇ ಕರಾವಳಿಯದು. ಒಂದು ಪದಕ್ಕೂ ಗೆಳತಿಯ ಸಹಾಯ ಬೇಕಾಗಲಿಲ್ಲ.

ಮುಂದೆ ಆ ಮನೆ ಬಂದಾಗಲೆಲ್ಲ ಕೈ ನಿಂತಿತು. ನಾನು ಈ ಸಿನಿಮಾವನ್ನು ಇಷ್ಟು ವರ್ಷ ರಿಚ್ಚಿಯ ಸಿನಿಮಾ ಅಂದುಕೊಂಡಿದ್ದೆ. ತುಂಬಾ ಜನಕ್ಕೆ ಹಾಗೇ. 2017ರಲ್ಲಿ ನಿವಿನ್ ಪೌಲಿ ಇಟ್ಟುಕೊಂಡು ತಮಿಳಿನಲ್ಲಿ ಮತ್ತೆ ಮಾಡಿದಾಗ ಹೆಸರೇ 'ರಿಚಿ'. 2021ರಲ್ಲಿ ರಕ್ಷಿತ್ ಅದೇ ಪಾತ್ರದ ಮೇಲೆ 'ರಿಚರ್ಡ್ ಆಂಟನಿ' ಘೋಷಿಸಿದಾಗ ನನ್ನ ಫೋನ್ ತುಂಬಾ ಕಪ್ಪು ಕನ್ನಡಕದ ಸ್ಟೇಟಸ್‌ಗಳು. ಥಿಯೇಟರಿನಲ್ಲಿ ಲಾಭ ಮಾಡದ ಸಿನಿಮಾವನ್ನು ಆಮೇಲೆ ಎತ್ತಿ ಹಿಡಿದವರು ಹೆಚ್ಚಾಗಿ ಹೀಗೆ ಪೆನ್‌ಡ್ರೈವಿನಲ್ಲಿ, ಲ್ಯಾಪ್‌ಟಾಪಿನಲ್ಲಿ, ತಡವಾಗಿ ನೋಡಿದ ನನ್ನಂಥವರೇ. ನಮ್ಮ ಪ್ರೀತಿಯಲ್ಲಿ ಸ್ವಲ್ಪ ಪಶ್ಚಾತ್ತಾಪವೂ ಇದೆ ಅಂತ ನನ್ನ ಅನುಮಾನ. ಅದರಲ್ಲೇ ಜಾಸ್ತಿ ಕೂಗಾಡುತ್ತೇವೆ.

ಹಾಗಂತ ಸಿನಿಮಾದಲ್ಲಿ ತಪ್ಪೇ ಇಲ್ಲ ಎನ್ನುವುದಿಲ್ಲ. ಮೊದಲ ಅರ್ಧ ಗಂಟೆ ಯಾರ ಕೈ ಹಿಡಿದು ನಡೆಯಬೇಕು ಅಂತ ಅದು ಹೇಳುವುದೇ ಇಲ್ಲ. ಹಿಂದಿನ ಸಾಲಿನವರು ಹೀರೋ ಯಾರು ಅಂತ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಅಮ್ಮನಿಗೆ ಕೈ ಹಿಡಿಯಲು ರತ್ನಕ್ಕ ಸಿಕ್ಕರು. ಆವತ್ತಿನ ನಮಗೆ ಯಾರೂ ಸಿಗಲಿಲ್ಲ.

ಕೊನೆ ಬಂತು. ತಮ್ಮ ಏನೂ ಮಾತಾಡಲಿಲ್ಲ, ಅವನ ಫೋನ್ ದಿಂಬಿನ ಕೆಳಗೆ ಎಲ್ಲೋ ಇತ್ತು. ಗೆಳತಿ ಕಣ್ಣು ಒರೆಸಿಕೊಂಡಳು, ಎಷ್ಟನೇ ಸಲವೋ. ಅಮ್ಮ ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿಕೊಂಡು, ಮೊಣಕಾಲು ಹಿಡಿದು ಎದ್ದರು. "ಪಾಪ" ಅಂದರು. ಯಾರಿಗೆ ಅಂತ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಮಾತು ಕೇಳಿಸಿತು. ಅಮ್ಮ ಫೋನನ್ನು ಸ್ಪೀಕರಿಗೆ ಹಾಕಿ ರಾತ್ರಿ ನೆನೆಸಿಟ್ಟ ಅವರೆ ಹಿದುಕುತ್ತಾ ಚಿಕ್ಕಮ್ಮನಿಗೆ ಸಿನಿಮಾ ಕಥೆ ಹೇಳುತ್ತಿದ್ದರು. "ಸಮುದ್ರದ ಹತ್ತಿರ ಒಬ್ಬಳು ತಾಯಿ ಇರ್ತಾಳೆ. ಮಗ ಚಿಕ್ಕವನಿದ್ದಾಗಲೇ ಮನೆ ಬಿಟ್ಟು ಹೋಗಿರ್ತಾನೆ..." ಅಧ್ಯಾಯ ಇಲ್ಲ, ಹಿಂದೆ ಮುಂದೆ ಇಲ್ಲ. ಎಲ್ಲವನ್ನೂ ಬಿಡಿಸಿ ಒಂದೇ ಸಾಲಿಗೆ ಜೋಡಿಸಿದ್ದರು. ಪತ್ರಕರ್ತೆ ಕಥೆಯಲ್ಲೇ ಇರಲಿಲ್ಲ. ರಿಚ್ಚಿ "ಆ ಕನ್ನಡಕದ ಹುಡುಗ" ಆಗಿದ್ದ.

ಮುಂದಿನ ಭಾನುವಾರಕ್ಕೆ 'ಸಪ್ತ ಸಾಗರದಾಚೆ ಎಲ್ಲೋ' ಇಟ್ಟಿದ್ದೇನೆ. ಅದು ನಿಜವಾಗಿಯೂ ಎರಡು ಸಿನಿಮಾ. ಸೈಡ್ ಎ ಬಂದಿದ್ದು 2023ರ ಸೆಪ್ಟೆಂಬರ್ 1ಕ್ಕೆ, ಸೈಡ್ ಬಿ ನವೆಂಬರ್ 17ಕ್ಕೆ. ನಾವು ಎರಡೂವರೆ ತಿಂಗಳು ಕಾದು ನೋಡಿದ್ದನ್ನು ಇವರು ಒಂದೇ ಮಧ್ಯಾಹ್ನ ನೋಡುತ್ತಾರೆ. ತಮ್ಮ "ಅದು ಲವ್ ಸ್ಟೋರಿ, ಕ್ರೈಮ್ ಅಲ್ಲ" ಅಂತ ಆಗಲೇ ತಕರಾರು ತೆಗೆದಿದ್ದಾನೆ. ಬೇರೆಯವರ ತಪ್ಪನ್ನು ದುಡ್ಡಿಗೆ ತಲೆ ಮೇಲೆ ಹೊತ್ತು ಜೈಲಿಗೆ ಹೋಗುವವನ ಕಥೆ ಕ್ರೈಮ್ ಅಲ್ಲದೆ ಇನ್ನೇನು ಅಂತ ಗೆಳತಿಯ ವಾದ.

ಅಮ್ಮನಿಗೆ ಎರಡು ಭಾಗ ಇದೆ ಅಂತ ಹೇಳಿದೆ.

"ಹಾಗಾದ್ರೆ ನಾಲ್ಕು ಕೆಜಿ ತಗೊಂಡು ಬಾ," ಅಂದರು. "ಸೊಗಡು ಇರೋದು ನೋಡಿ ತಾ."