ತುಕಾರಾಂ ಓಂಬ್ಳೆ: ಜೀವಂತ ಹಿಡಿದುಕೊಟ್ಟ ಪೊಲೀಸ್

ಕೇಳುಗರಿಗೆಲ್ಲ ನಮಸ್ಕಾರ.

ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು, ಸೈನ್ಯದಿಂದ ನಿವೃತ್ತರಾಗಿ ಮುಂದೇನು ಅಂತ ಯೋಚಿಸುತ್ತಿರುವ ಅಣ್ಣಂದಿರು, ಅವರ ಮನೆಯವರು, ಇವತ್ತಿನ ಮಾತು ನಿಮಗಾಗಿ. ಪೊಲೀಸ್ ತರಬೇತಿಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಪ್ರತಿ ತಂಡಕ್ಕೂ ತಪ್ಪದೆ ಹೇಳುತ್ತಿದ್ದ ಹೆಸರು ಒಂದಿದೆ, ತುಕಾರಾಂ ಓಂಬ್ಳೆ. ಮೊದಲು ಸೈನಿಕ, ಆಮೇಲೆ ಮುಂಬೈ ಪೊಲೀಸ್.

ಮೊದಲೇ ಹೇಳಿಬಿಡುತ್ತೇನೆ. 2008ರ ಮುಂಬೈ ದಾಳಿಯ ರಾತ್ರಿ ಅವರು ಕಸಬ್ ಎಂಬ ಭಯೋತ್ಪಾದಕನನ್ನು ಜೀವಂತ ಹಿಡಿದುಕೊಟ್ಟರು. ಜೀವಂತ! ನಾನು ಹೇಳುವ ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ.

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕೇಡಂಬೆ ಅವರ ಊರು. ಆ ಕಡೆ ಸೈನ್ಯಕ್ಕೆ ಸೇರುವುದು ಹಳೆಯ ರೂಢಿ, ನಮ್ಮ ಕೊಡಗಿನಲ್ಲಿ ಇರುವ ಹಾಗೆ. ಓಂಬ್ಳೆ ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿದ್ದರು. ಸಂದೇಶ ಕಳಿಸುವ, ಸಂದೇಶ ತಲುಪಿಸುವ ವಿಭಾಗ ಅದು. ನಾಯಕ್ ದರ್ಜೆಯಲ್ಲಿ ನಿವೃತ್ತರಾದರು. 1991ರಲ್ಲಿ ಮುಂಬೈ ಪೊಲೀಸ್‌ಗೆ ಕಾನ್‌ಸ್ಟೇಬಲ್ ಆಗಿ ಸೇರಿದರು. ಸೈನ್ಯದಲ್ಲಿ ದುಡಿದು ಬಂದವರು ಇಲ್ಲಿ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿದರು. 2008ರ ಹೊತ್ತಿಗೆ ಸಹಾಯಕ ಸಬ್ ಇನ್ಸ್‌ಪೆಕ್ಟರ್, ಅಂದರೆ ಎಎಸ್ಐ. ಮನೆಯಲ್ಲಿ ಹೆಂಡತಿ, ನಾಲ್ಕು ಹೆಣ್ಣುಮಕ್ಕಳು. ಠಾಣೆ, ಪಾಳಿ, ನಾಕಾಬಂದಿ. ಪೇಪರಿನಲ್ಲಿ ಹೆಸರು ಬರುವಂಥ ಕೆಲಸ ಅಲ್ಲ.

ಈಗ ಆ ರಾತ್ರಿಗೆ ಬರೋಣ. 2008ರ ನವೆಂಬರ್ 26. ಸಮುದ್ರದ ದಾರಿಯಲ್ಲಿ ಬಂದ 10 ಜನ ಮುಂಬೈಯಲ್ಲಿ ಕಂಡಕಂಡವರ ಮೇಲೆ ಗುಂಡು ಹಾರಿಸುತ್ತಿದ್ದಾರೆ. ಅವರಲ್ಲಿ ಇಬ್ಬರು ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ಜನರನ್ನು ಕೊಂದು, ಕಾಮಾ ಆಸ್ಪತ್ರೆಯ ಪಕ್ಕದ ರಸ್ತೆಗೆ ಬಂದರು. ಅಲ್ಲಿ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್, ಮೂವರು ಅಧಿಕಾರಿಗಳನ್ನೂ ಕೊಂದರು. ಪೊಲೀಸ್ ಕ್ವಾಲಿಸ್ ಗಾಡಿಯನ್ನೇ ತೆಗೆದುಕೊಂಡು ಹೊರಟರು. ಅದು ಕೈಕೊಟ್ಟಾಗ ಬೇರೆಯವರ ಸ್ಕೋಡಾ ಕಾರು ಕಿತ್ತುಕೊಂಡರು. ಮರೀನ್ ಡ್ರೈವ್ ಹಿಡಿದು ಗಿರ್ಗಾಂವ್ ಚೌಪಾಟಿ ಕಡೆ ಬಂದರು.

ಚೌಪಾಟಿಯಲ್ಲಿ ಬ್ಯಾರಿಕೇಡ್ ಹಾಕಿಕೊಂಡು ಪೊಲೀಸರು ನಿಂತಿದ್ದರು. ಬೆಳ್ಳಿ ಬಣ್ಣದ ಸ್ಕೋಡಾ ಅಂತ ವೈರ್‌ಲೆಸ್‌ನಲ್ಲಿ ಬಂದಿತ್ತು. ಹೆಚ್ಚಿನವರ ಕೈಯಲ್ಲಿ ಇದ್ದದ್ದು ಲಾಠಿ. ಓಂಬ್ಳೆ ಅವರ ಕೈಯಲ್ಲೂ ಅಷ್ಟೆ.

ಮಧ್ಯರಾತ್ರಿ ದಾಟಿದೆ. ಕಾರು ಬಂತು. ಬ್ಯಾರಿಕೇಡ್‌ಗೆ ಸುಮಾರು 50 ಅಡಿ ಇರುವಾಗ ನಿಂತಿತು. ಓಡಿಸುತ್ತಿದ್ದವನು ಹೆಡ್‌ಲೈಟ್ ಜೋರು ಮಾಡಿದ. ಮುಂದಿನ ಗಾಜಿಗೆ ನೀರು ಚಿಮ್ಮಿಸಿ ವೈಪರ್ ಹಾಕಿದ. ಯಾಕೆ? ಒಳಗೆ ಯಾರಿದ್ದಾರೆ ಅಂತ ಪೊಲೀಸರಿಗೆ ಕಾಣಬಾರದು, ಅದಕ್ಕೆ. ಲೈಟ್ ಆರಿಸು, ಕೈ ಮೇಲೆತ್ತು ಅಂತ ಪೊಲೀಸರು ಕೂಗಿದರು. ಅವನು ಕಾರು ತಿರುಗಿಸಲು ಹೋಗಿ ಡಿವೈಡರ್‌ಗೆ ಸಿಕ್ಕಿಹಾಕಿಕೊಂಡ. ಗುಂಡಿನ ಕಾಳಗದಲ್ಲಿ ಅವನಿಗೆ ಏಟು ಬಿತ್ತು.

ಎಡಗಡೆಯ ಬಾಗಿಲಿನಿಂದ ಇನ್ನೊಬ್ಬ ಇಳಿದ. ಅವನೇ ಕಸಬ್. ಅವನ ಕೈಯಲ್ಲಿ ಎಕೆ 47. ಓಂಬ್ಳೆ ಮುಂದೆ ನುಗ್ಗಿ ಆ ಬಂದೂಕಿನ ನಳಿಗೆಯನ್ನೇ ಹಿಡಿದುಕೊಂಡರು. ಒಂದು ಕ್ಷಣ ಯೋಚನೆ ಮಾಡಿ. ಗುಂಡು ಹಾರಿಸುವಾಗ ನಳಿಗೆ ಕೆಂಡದಂತೆ ಕಾಯುತ್ತದೆ. ಅದರ ಬಾಯಿ ಇದ್ದದ್ದು ಅವರ ಹೊಟ್ಟೆಯ ಕಡೆಗೆ. ಅವನು ಕುದುರೆ ಒತ್ತುತ್ತಲೇ ಇದ್ದ, ಇವರು ಬಿಡಲಿಲ್ಲ. ಜೊತೆಗಿದ್ದ ಅಧಿಕಾರಿ ಸಂಜಯ್ ಗೋವಿಲ್ಕರ್ ಅವರಿಗೂ ಗುಂಡು ತಗುಲಿತು. ಆದರೆ ಬಂದೂಕು ಓಂಬ್ಳೆ ಅವರ ಹಿಡಿತದಲ್ಲಿತ್ತಲ್ವಾ, ಅವನಿಗೆ ಅದನ್ನು ಉಳಿದವರ ಕಡೆ ತಿರುಗಿಸಲು ಆಗಲೇ ಇಲ್ಲ. ಅಷ್ಟರಲ್ಲಿ ಉಳಿದ ಪೊಲೀಸರು ಲಾಠಿ ಹಿಡಿದು ಮೇಲೆ ಬಿದ್ದರು. ಕಸಬ್ ಜೀವಂತ ಸಿಕ್ಕಿದ. ಓಂಬ್ಳೆ ತೀರಿಕೊಂಡರು. ಆಗ ಅವರಿಗೆ 54 ವರ್ಷ.

ತರಬೇತಿಗೆ ಬಂದ ಹುಡುಗರು ಮೊದಲ ವಾರವೇ ಕೇಳುತ್ತಾರೆ, "ಸಾರ್, ಪಿಸ್ತೂಲು ಯಾವಾಗ ಕೊಡ್ತೀರಿ?" ನನಗೆ ಬೇಜಾರಾಗುತ್ತದೆ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಹೊಡೆದು ಉರುಳಿಸುವುದೇ ಪೊಲೀಸ್ ಕೆಲಸ ಅಂದುಕೊಂಡಿದ್ದಾರೆ. ಅಪ್ಪಾ, ಪೊಲೀಸ್ ಕೆಲಸ ಅಂದರೆ ಹಿಡಿಯುವುದು. ಹಿಡಿದು ಕೋರ್ಟಿಗೆ ಒಪ್ಪಿಸುವುದು.

ಕಸಬ್ ಅಲ್ಲೇ ಸತ್ತಿದ್ದರೆ ಏನಾಗುತ್ತಿತ್ತು? ಅವನ ಹತ್ತಿರ ಇದ್ದ ಸುಳ್ಳು ಗುರುತಿನ ಚೀಟಿಯಲ್ಲಿ ಹಿಂದೂ ಹೆಸರು, ಹೈದರಾಬಾದಿನ ಕಾಲೇಜು, ನಮ್ಮ ಬೆಂಗಳೂರಿನ ವಿಳಾಸ! ಹೆಣದ ಜೇಬಿನಲ್ಲಿ ಆ ಚೀಟಿ ಸಿಕ್ಕಿದ್ದರೆ ತನಿಖೆ ಎಲ್ಲೆಲ್ಲಿ ಸುತ್ತಬೇಕಿತ್ತೋ. 10 ಜನರಲ್ಲಿ ಜೀವಂತ ಸಿಕ್ಕಿದ್ದು ಅವನೊಬ್ಬನೇ. ಅವನು ಬಾಯಿ ಬಿಟ್ಟ, ಎಲ್ಲಿಂದ ಬಂದರು, ಯಾರು ಕಳಿಸಿದರು ಅಂತ ಗೊತ್ತಾಯಿತು. ಅವನು ನಮ್ಮವನಲ್ಲ ಎನ್ನುತ್ತಿದ್ದ ಪಾಕಿಸ್ತಾನವೂ 2009ರ ಜನವರಿಯಲ್ಲಿ ಒಪ್ಪಿಕೊಳ್ಳಬೇಕಾಯಿತು. ತೆರೆದ ವಿಚಾರಣೆ ನಡೆಯಿತು, ವಕೀಲರನ್ನೂ ಕೊಟ್ಟರು. 2010ರ ಮೇ ತಿಂಗಳಲ್ಲಿ ಶಿಕ್ಷೆ, ಸುಪ್ರೀಂ ಕೋರ್ಟ್‌ವರೆಗೂ ಮೇಲ್ಮನವಿ, ಕೊನೆಗೆ 2012ರ ನವೆಂಬರ್ 21ರಂದು ಪುಣೆಯ ಯೆರವಡಾ ಜೈಲಿನಲ್ಲಿ ಗಲ್ಲು. ಜೀವಂತ ಹಿಡಿದದ್ದಕ್ಕೇ ಇದೆಲ್ಲ ಆಯಿತು. ನೂರು ಸಲ ಬೇಕಾದರೂ ಹೇಳುತ್ತೇನೆ.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಬೇಗ ಹೇಳುತ್ತೇನೆ. 2009ರ ಗಣರಾಜ್ಯೋತ್ಸವದಂದು ಓಂಬ್ಳೆ ಅವರಿಗೆ ಅಶೋಕ ಚಕ್ರ ಕೊಟ್ಟರು. ತಾಜ್ ಹೋಟೆಲಿನಲ್ಲಿ ಹೋರಾಡಿ ಮಡಿದ ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೂ ಅದೇ ದಿನ. ಶಾಂತಿಕಾಲದ ಶೌರ್ಯಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ನಮ್ಮಲ್ಲಿಲ್ಲ. ಮೇಜರ್‌ಗೂ ಎಎಸ್ಐಗೂ ಒಂದೇ ಪದಕ. ಚೌಪಾಟಿಯಲ್ಲಿ ಅವರ ಪ್ರತಿಮೆ ಇದೆ, ಮುಂಬೈಗೆ ಹೋದವರು ನೋಡಿ ಬನ್ನಿ. 2021ರಲ್ಲಿ ಮಹಾರಾಷ್ಟ್ರದಲ್ಲಿ ಕಂಡುಹಿಡಿದ ಒಂದು ಜಿಗಿಯುವ ಜೇಡಕ್ಕೂ ವಿಜ್ಞಾನಿಗಳು ಅವರ ಹೆಸರಿಟ್ಟಿದ್ದಾರೆ, ಐಸಿಯಸ್ ತುಕಾರಾಮಿ ಅಂತ.

ಇನ್ನು ನಿವೃತ್ತ ಸೈನಿಕರಿಗೆ ಒಂದು ಮಾತು. ಊರಿಗೆ ಬಂದ ಮೇಲೆ ಸುಮ್ನೆ ಕೂರಬೇಡಿ. ಪೊಲೀಸ್ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಮೀಸಲು ಹುದ್ದೆ ಇರುತ್ತದೆ, ವಯಸ್ಸಿನ ಸಡಿಲಿಕೆಯೂ ಇದೆ. ಪ್ರಕಟಣೆ ಬಂದಾಗ ಪೂರ್ತಿ ಓದಿ. ಅರ್ಥವಾಗದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ ಕೇಳಿ, ಡಿಸ್ಚಾರ್ಜ್ ಪುಸ್ತಕ ಜೊತೆಗಿರಲಿ. "ನಾಯಕ್ ಆಗಿದ್ದವನು ಕಾನ್‌ಸ್ಟೇಬಲ್ ಆಗೋದಾ" ಅಂತ ನೆಂಟರು ಅಂದರೆ ಓಂಬ್ಳೆ ಅವರ ಹೆಸರು ಹೇಳಿ.

ನಮಸ್ಕಾರ.