ಸಮುದ್ರ ದಾಟಿ ಆಡಿದ ತಂಡ

ಕೇಳುಗರೆಲ್ಲರಿಗೂ ನಮಸ್ಕಾರ.

ಊರಲ್ಲಿ ಒಂದು ತಂಡ ಕಟ್ಟಬೇಕು ಅಂತ ಓಡಾಡುವ ಹುಡುಗರು, ಹುಡುಗಿಯರು ಈಗ ರೇಡಿಯೋ ಕೇಳುತ್ತಿದ್ದರೆ, ಈ ಮಾತು ನಿಮಗೇ. ಗ್ರೀಸ್ ದೇಶದ ಒಂದು ಬಾಸ್ಕೆಟ್‌ಬಾಲ್ ತಂಡದ ಕಥೆ ಹೇಳುತ್ತೇನೆ. ಹೆಸರು ಇಫೆಸ್ಟೋಸ್ ಲಿಮ್ನು. ಲೆಮ್ನೋಸ್ ಅನ್ನುವ ದ್ವೀಪದ ತಂಡ. ದೇಶದ ಅತಿ ದೊಡ್ಡ ಲೀಗ್‌ಗೆ ಬಂತು, ಆಡಿತು, ಬೇಗನೆ ಹೊರಟೂ ಹೋಯಿತು. ಆ ತಂಡದ ದೊಡ್ಡ ಎದುರಾಳಿ ಯಾರು ಗೊತ್ತಾ? ಸಮುದ್ರ. ಇದೊಂದು ಮಾತು ನೆನಪಿಟ್ಟುಕೊಂಡರೆ ನನಗೆ ಸಾಕು.

ಇಫೆಸ್ಟೋಸ್ ಅಂದರೆ ಗ್ರೀಕರ ಕಮ್ಮಾರ ದೇವರು. ಕುಲುಮೆಯ ದೇವರು. ಅವನನ್ನು ಸ್ಯೂಸ್ ದೇವರು ಕಾಲು ಹಿಡಿದು ಆಕಾಶದಿಂದ ಎಸೆದನಂತೆ. ಇಡೀ ದಿನ ಬಿದ್ದು ಬಿದ್ದು, ಸೂರ್ಯ ಮುಳುಗುವ ಹೊತ್ತಿಗೆ ಲೆಮ್ನೋಸ್ ಮೇಲೆ ಬಂದು ಬಿದ್ದ. ಅಲ್ಲಿನ ಜನ ಎತ್ತಿ ಆರೈಕೆ ಮಾಡಿದರು. ಅಲ್ಲಿನ ವಿಮಾನ ನಿಲ್ದಾಣಕ್ಕೂ ಅದೇ ಹೆಸರು.

ದ್ವೀಪದ ಜನಸಂಖ್ಯೆ ಸುಮಾರು 17,000. ಅಥೆನ್ಸ್‌ನ ಪನಾಥಿನೈಕೋಸ್ ತಂಡ ಆಡುವ ಒಳಾಂಗಣದಲ್ಲಿ 18,000ಕ್ಕೂ ಜಾಸ್ತಿ ಜನ ಕೂರಬಹುದು. ಮಕ್ಕಳು ಮುದುಕರು ಸೇರಿ ಇಡೀ ಲೆಮ್ನೋಸ್ ಬಂದು ಕೂತರೂ ಇನ್ನೂ ಕುರ್ಚಿ ಉಳಿಯುತ್ತದೆ. ಆ ಪನಾಥಿನೈಕೋಸ್ ಆಗಲೇ 6 ಸಲ ಯುರೋಪಿನ ಚಾಂಪಿಯನ್ ಆಗಿತ್ತು. ಅಂಥವರ ಲೀಗ್‌ನಲ್ಲಿ ಈ ಪುಟ್ಟ ದ್ವೀಪ ಆಡುತ್ತಿತ್ತು. ನನಗೆ ಇವತ್ತಿಗೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ನಾನು ಹಡಗಿನಲ್ಲಿ ಇಂಜಿನಿಯರ್ ಆಗಿದ್ದವನು. 2020ರ ಜನವರಿ. ನಮ್ಮ ಹಡಗು ರಿಪೇರಿಗೆ ಅಂತ ಗ್ರೀಸ್‌ನಲ್ಲಿ ನಿಂತಿತ್ತು. ನಾಲ್ಕು ದಿನ ರಜೆ ಸಿಕ್ಕಿತು. ಇಫೆಸ್ಟೋಸ್ ಪಂದ್ಯವನ್ನು ಅವರ ಊರಲ್ಲೇ ನೋಡಬೇಕು ಅಂತ ಉತ್ತರದ ಕವಾಲಾ ಬಂದರಿಗೆ ಹೋದೆ. ಅಲ್ಲಿಂದ ಲೆಮ್ನೋಸ್‌ಗೆ ಫೆರಿ ಇದೆ. ಟಿಕೆಟ್ ಕೈಯಲ್ಲಿತ್ತು. ಹಡಗೂ ಕಣ್ಣೆದುರಿಗೇ ಇತ್ತು. ಆದರೆ ಗಾಳಿ! ಅಲ್ಲಿ ಗಾಳಿ ಒಂದು ಮಟ್ಟ ಮೀರಿದರೆ ಬಂದರಿನವರು ಫೆರಿ ಬಿಡುವುದಿಲ್ಲ. ಇವತ್ತು ಇಲ್ಲ ಅಂದರು. ಮರುದಿನವೂ ಇಲ್ಲ ಅಂದರು.

ಬಂದರಿನ ಕಾಫಿ ಅಂಗಡಿಯಲ್ಲಿ ಒಬ್ಬ ಅಜ್ಜ ಕೂತಿದ್ದರು. ಲೆಮ್ನೋಸ್‌ನವರು. ಆಸ್ಟ್ರೇಲಿಯಾದಲ್ಲಿ ಬಹಳ ವರ್ಷ ದುಡಿದು ಬಂದವರು, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಆಸ್ಪತ್ರೆಗೆ ತೋರಿಸಿಕೊಳ್ಳಲು ಬಂದಿದ್ದರಂತೆ. ನಾನು ಪಂದ್ಯ ನೋಡಲು ಹೊರಟವನು ಅಂದಾಗ ನನ್ನ ಕೈ ಹಿಡಿದುಕೊಂಡರು. ಭಾರತದಿಂದಾ, ನಮ್ಮ ಹುಡುಗರನ್ನು ನೋಡೋದಕ್ಕಾ ಅಂತ ಮೂರು ಸಲ ಕೇಳಿದರು. ಕಾಫಿ ದುಡ್ಡು ನನ್ನಿಂದ ತೆಗೆದುಕೊಳ್ಳಬೇಡ ಅಂತ ಅಂಗಡಿಯವನಿಗೆ ಹೇಳಿಬಿಟ್ಟರು.

ಸಂಜೆ ಪಂದ್ಯ ಶುರುವಾಯಿತು. ಅಜ್ಜ ಮೊಬೈಲ್‌ನಲ್ಲಿ ತಮ್ಮ ಊರಿನ ರೇಡಿಯೋ ಹಾಕಿ ಮೇಜಿನ ಮೇಲಿಟ್ಟರು. ನನಗೆ ಗ್ರೀಕ್ ಬರುವುದಿಲ್ಲ. ಆದರೆ ಚೆಂಡು ಬುಟ್ಟಿಗೆ ಬಿದ್ದದ್ದು, ಬೀಳದ್ದು, ಎರಡೂ ಜನರ ಕೂಗಿನಲ್ಲೇ ಗೊತ್ತಾಗುತ್ತಿತ್ತು. ಎರಡನೇ ಕ್ವಾರ್ಟರ್ ಹೊತ್ತಿಗೆ ಅಂಗಡಿಯವನೂ ಬಂದು ಕೂತ. ಹೊರಗೆ ಗಾಳಿಗೆ ಹಡಗಿನ ಹಗ್ಗಗಳು ಕಿರ್ ಅನ್ನುತ್ತಿದ್ದವು. "ಈ ಹುಡುಗರು ಸೋತರೆ ನನಗೆ ಬೇಜಾರಿಲ್ಲ ಮಗಾ" ಅಂದರು ಅಜ್ಜ. "ಹೊರಗೆ ಆಡಿ ಬಂದಾಗ ಮನೆ ಸೇರಲಿಕ್ಕೆ ಎರಡು ದಿನ ಆಗುತ್ತೆ ನೋಡು, ಅದು ಬೇಜಾರು." ಪಂದ್ಯ ನೋಡದೆಯೇ ನಾನು ಹಡಗಿಗೆ ವಾಪಸ್ ಬಂದೆ. ಆ ತಂಡ ನನಗೆ ಅರ್ಥವಾಗಿದ್ದು ಮಾತ್ರ ಅವತ್ತೇ.

ಸ್ವಲ್ಪ ಲೆಕ್ಕ ಹಾಕಿ. ಆ ವರ್ಷ ಲೀಗ್‌ನಲ್ಲಿ 14 ತಂಡ. ಪ್ರತಿ ಎದುರಾಳಿಯ ಜೊತೆ ಎರಡು ಸಲ, ಒಮ್ಮೆ ತಮ್ಮೂರಲ್ಲಿ, ಒಮ್ಮೆ ಅವರೂರಲ್ಲಿ. ಅಂದರೆ ಒಂದು ತಂಡಕ್ಕೆ 26 ಪಂದ್ಯ, ಅದರಲ್ಲಿ 13 ಹೊರಗೆ. ಅಥೆನ್ಸ್‌ನ ತಂಡಕ್ಕೆ ಸುತ್ತಮುತ್ತಲೇ ಎಷ್ಟೋ ಎದುರಾಳಿಗಳು. ಬೆಳಿಗ್ಗೆ ಪ್ರಾಕ್ಟೀಸ್, ಸಂಜೆ ಬಸ್ಸು, ರಾತ್ರಿ ಮನೆ. ಇಫೆಸ್ಟೋಸ್‌ಗೆ 13ಕ್ಕೆ 13ನ್ನೂ ಸಮುದ್ರ ದಾಟಿಯೇ ಆಡಬೇಕು. ವಿಮಾನ, ಹೋಟೆಲ್, ಊಟ, ಗಾಳಿ ಎದ್ದರೆ ಇನ್ನೊಂದು ರಾತ್ರಿಯ ಹೋಟೆಲ್. ಕೋಚ್ ಎಷ್ಟೇ ಒಳ್ಳೆಯವನಾಗಲಿ, ಈ ಬಿಲ್ಲು ಕಟ್ಟಲೇಬೇಕು ಅಲ್ವಾ?

ಇನ್ನೊಂದು ತೊಂದರೆ. ದ್ವೀಪಕ್ಕೆ ದುಡ್ಡು ಬರುವುದು ಬೇಸಿಗೆಯಲ್ಲಿ, ಪ್ರವಾಸಿಗರಿಂದ. ಲೀಗ್ ನಡೆಯುವುದು ಚಳಿಗಾಲದಲ್ಲಿ. ಹೋಟೆಲುಗಳು ಬಾಗಿಲು ಹಾಕಿದ ಮೇಲೆ ಆಟ ಶುರು. ಹೊರಗಿನವರು ಟಿಕೆಟ್ ಕೊಳ್ಳಲು ಬರುವುದೆಲ್ಲಿಂದ? ಜನ ಬಂದು ನೋಡಿದರೆ ತಂಡ ಉಳಿಯುತ್ತದೆ ಅಂತ ಸುಮ್ನೆ ಹೇಳುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಲೆಮ್ನೋಸ್ ಜನ ಬರುತ್ತಿದ್ದರು ಸ್ವಾಮಿ. ಆ ಕೂಗನ್ನು ನಾನೇ ಕೇಳಿದ್ದೇನೆ. ಅವರ ಎದುರಾಳಿ ಸಮುದ್ರ.

ಹೇಳಬೇಕಾದ್ದು ಇನ್ನೂ ಇತ್ತು. ಗಾಜಿನ ಆಚೆಯಿಂದ ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಲೀಗ್ ನಿಂತಿತು. ಮೇ ತಿಂಗಳಲ್ಲಿ ಸೀಸನ್ ಮುಗಿಯಿತು ಅಂತಲೇ ಘೋಷಿಸಿ ಪನಾಥಿನೈಕೋಸ್‌ಗೆ ಪಟ್ಟ ಕೊಟ್ಟರು. ಮುಂದಿನ ಸೀಸನ್‌ಗೆ 12 ತಂಡ ಮಾತ್ರ. ಇಫೆಸ್ಟೋಸ್ ಇರಲಿಲ್ಲ. ಕ್ರೀಟ್ ದ್ವೀಪದ ರೆಥಿಮ್ನೋ ತಂಡವೂ ಇರಲಿಲ್ಲ. ದ್ವೀಪಗಳಲ್ಲಿ ಉಳಿದುಕೊಂಡದ್ದು ರೋಡ್ಸ್‌ನ ಕೊಲೊಸೋಸ್. ಅದು 1963ರ ಕ್ಲಬ್. ರೋಡ್ಸ್ ದೊಡ್ಡ ದ್ವೀಪ, ಜನ ಲಕ್ಷಕ್ಕೂ ಜಾಸ್ತಿ, ವಿಮಾನಗಳೂ ಜಾಸ್ತಿ. ಸಮುದ್ರ ಅವರಿಗೂ ಇದೆ, ಆದರೆ ದಾಟುವ ಶಕ್ತಿ ಇದೆ.

ಹಾಗಾಗಿ ತಂಡ ಕಟ್ಟುವ ಮಕ್ಕಳೇ, ಜೆರ್ಸಿಯ ಬಣ್ಣ ಆಮೇಲೆ ನೋಡೋಣ. ಮೊದಲು ಒಂದು ಹಾಳೆ ತೆಗೆದುಕೊಂಡು ಯಾವ ಊರಿಗೆ ಎಷ್ಟು ದೂರ, ಬಸ್ ಚಾರ್ಜ್ ಎಷ್ಟು, ರಾತ್ರಿ ಎಲ್ಲಿ ಉಳಿಯುವುದು ಅಂತ ಬರೆಯಿರಿ. ಇವತ್ತೇ ಬರೆಯಿರಿ. ನಮಸ್ಕಾರ.