ಬಾಳೆಹೂವಿನ ಕಪ್ಪು, ಮಾತ್ರೆಯ ಡಬ್ಬಿ

ಕೇಳುಗರಿಗೆಲ್ಲ ನಮಸ್ಕಾರ.

ಬಾಳೆಹೂವು ಹೆಚ್ಚಿದವರಿಗೆ ಈ ಅನುಭವ ಇದ್ದೇ ಇರುತ್ತದೆ. ಇನ್ನೊಂದು ಎಸಳು ಬಿಡಿಸುವಷ್ಟರಲ್ಲಿ ಮೊದಲು ಹೆಚ್ಚಿದ್ದು ಕಪ್ಪಾಗಿರುತ್ತದೆ, ಬೆರಳ ತುದಿಯೂ ಕಪ್ಪು. ಅದಕ್ಕೇ ನಮ್ಮಮ್ಮ ಈಳಿಗೆಮಣೆ ಮುಂದೆ ಕೂರುವ ಮೊದಲೇ ಪಾತ್ರೆಯಲ್ಲಿ ನೀರು ಮಜ್ಜಿಗೆ ಬೆರೆಸಿಟ್ಟುಕೊಂಡು, ಹೆಚ್ಚಿದ್ದನ್ನು ಹೆಚ್ಚಿದ ಹಾಗೇ ಅದರಲ್ಲಿ ಮುಳುಗಿಸುತ್ತಿದ್ದರು. ಮುಳುಗಿದ ಹೋಳಿಗೆ ಗಾಳಿ ಅಷ್ಟಾಗಿ ತಾಗುವುದಿಲ್ಲ. ಕಪ್ಪು ಮಾಡುವ ಕಿಣ್ವದ ಕೈಯನ್ನು ಮಜ್ಜಿಗೆಯ ಹುಳಿ ಕಟ್ಟಿಹಾಕುತ್ತದೆ. ಗಾಳಿಯೊಳಗಿನ ಆಮ್ಲಜನಕ ಇಲ್ಲದೆ ಆ ಕಪ್ಪು ಬರುವುದಿಲ್ಲ. ಡಬ್ಬಿಯಲ್ಲಿ ಉಳಿದ ಚಕ್ಕುಲಿ ಕಮಟು ವಾಸನೆ ಬರುವುದೂ ಅದರಿಂದಲೇ.

ನಾವು ಬದುಕಿರುವುದೂ ಅದೇ ಆಮ್ಲಜನಕದಿಂದ. ಉಂಡ ಅನ್ನದಿಂದ ಶಕ್ತಿ ತೆಗೆಯುವಾಗ ಜೀವಕೋಶದೊಳಗೆ ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಇವುಗಳಲ್ಲಿ ಒಂದು ಎಲೆಕ್ಟ್ರಾನಿಗೆ ಜೋಡಿ ಇರುವುದಿಲ್ಲ. ಆ ಜೋಡಿಗಾಗಿ ಪಕ್ಕದ ಅಣುವಿನಿಂದ ಕಿತ್ತುಕೊಳ್ಳುತ್ತವೆ, ಕಳೆದುಕೊಂಡ ಅಣು ಇನ್ನೊಂದರ ಮೇಲೆ ಬೀಳುತ್ತದೆ. ಬೀಡಿ ಸಿಗರೇಟಿನ ಹೊಗೆ ಇವುಗಳನ್ನು ಇನ್ನಷ್ಟು ತುಂಬುತ್ತದೆ. ಈ ಸರಪಳಿಗೆ ಅಡ್ಡ ನಿಂತು, ತನ್ನದನ್ನೇ ಕೊಟ್ಟು ಸುಮ್ಮನಾಗಿಸುವುದು ಆ್ಯಂಟಿಆಕ್ಸಿಡೆಂಟ್. ಕೋಶದ ಕೊಬ್ಬಿನ ಪದರದಲ್ಲಿ ಆ ಕೆಲಸ ವಿಟಮಿನ್ ‘ಇ’ಯದು. ಹಾಗೆ ಕೊಟ್ಟು ಬರಿದಾದ ‘ಇ’ಯನ್ನು ಮತ್ತೆ ಕೆಲಸಕ್ಕೆ ಸಿದ್ಧಮಾಡುವುದು ವಿಟಮಿನ್ ‘ಸಿ’. ದೇಹ ತಾನಾಗಿ ತಯಾರಿಸಿಕೊಳ್ಳುವ ಕಿಣ್ವಗಳೂ ಜೊತೆಗಿವೆ. ಒಬ್ಬರಿಂದ ಆಗುವ ಕೆಲಸವಲ್ಲ ಇದು, ಮುಯ್ಯಾಳಿನ ಹಾಗೆ.

ಇಷ್ಟನ್ನು ವಿವರಿಸಲು ಕಾರಣ ನಮ್ಮ ಬೀದಿಯ ಹಿರಿಯರೊಬ್ಬರು. ಕೈಯಲ್ಲಿ ಸಿಗರೇಟು, ಜೇಬಿನಲ್ಲಿ ಮಾತ್ರೆ ಡಬ್ಬಿ. “ದಿನಾ ಒಂದು ನುಂಗ್ತೀನಲ್ಲಮ್ಮ, ಹೊಗೆಯ ವಿಷ ಎಲ್ಲ ಇದೇ ತೆಗೆದುಬಿಡುತ್ತೆ” ಎಂದರು. ನನಗೆ ಎದೆ ಧಸಕ್ಕೆಂದಿತು. ಡಬ್ಬಿ ತಿರುಗಿಸಿ ನೋಡಿದೆ: ಬೀಟಾ ಕ್ಯಾರೋಟಿನ್.

ಕ್ಯಾರೆಟ್ಟಿಗೆ, ಪಪ್ಪಾಯಕ್ಕೆ ಬಣ್ಣ ಕೊಡುವ ವಸ್ತು ಅದು, ಅದೂ ಒಂದು ಆ್ಯಂಟಿಆಕ್ಸಿಡೆಂಟ್. ತರಕಾರಿ ಹಣ್ಣು ಚೆನ್ನಾಗಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡುಬಂದಾಗ, ಅದನ್ನೇ ಮಾತ್ರೆ ಮಾಡಿ ಕೊಟ್ಟರಾಯಿತಲ್ಲ ಎಂದು ವಿಜ್ಞಾನಿಗಳಿಗೂ ಅನಿಸಿತ್ತು. ಫಿನ್‌ಲ್ಯಾಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರನ್ನು ಸೇರಿಸಿ, ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಕೊಟ್ಟು, ಐದರಿಂದ ಎಂಟು ವರ್ಷ ನೋಡಿದರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು! ಅಮೆರಿಕದಲ್ಲಿ ಇಂಥದ್ದೇ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಅಲ್ಲಿ ಜೊತೆಗೆ ವಿಟಮಿನ್ ‘ಎ’ಯೂ ಇತ್ತು. ಅಲ್ಲೂ ಕ್ಯಾನ್ಸರ್ ಏರುವುದು ಕಂಡು, 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು.

ತರಕಾರಿಯಲ್ಲಿ ಈ ವಸ್ತು ಒಂಟಿಯಾಗಿ ಬರುವುದಿಲ್ಲ. ನಾರು, ‘ಸಿ’, ಇನ್ನೆಷ್ಟೋ ಬಣ್ಣಗಳ ಜೊತೆ, ಹದವಾಗಿ ಬರುತ್ತದೆ. ಫ್ರೀ ರ‍್ಯಾಡಿಕಲ್‌ಗಳೂ ಬರೀ ಶತ್ರುಗಳಲ್ಲ. ರೋಗಾಣುಗಳನ್ನು ಕೊಲ್ಲಲು ನಮ್ಮ ಬಿಳಿ ರಕ್ತಕಣಗಳು ಬಳಸುವುದು ಅವನ್ನೇ. ಎಲ್ಲವನ್ನೂ ಅಳಿಸಿಬಿಡುತ್ತೇನೆಂದು ಹೊರಡುವುದೇ ತಪ್ಪು. ಕೊರತೆ ಇದೆಯೆಂದು ವೈದ್ಯರು ಬರೆದುಕೊಟ್ಟ ಮಾತ್ರೆಯ ವಿಷಯ ಬೇರೆ, ಅದನ್ನು ಬಿಡಬೇಡಿ. ಸಿಗರೇಟು ಸೇದುವವರು ಮಾತ್ರ ಬೀಟಾ ಕ್ಯಾರೋಟಿನ್ ಮಾತ್ರೆಯನ್ನು ಮುಟ್ಟಲೇಬಾರದು. ಅವರು ಬಿಡಬೇಕಾದ್ದು ಸಿಗರೇಟನ್ನು. ಆ ಹಿರಿಯರಿಗೂ ಇದನ್ನೇ ಹೇಳಿದೆ.

ಹಾಗಾದರೆ ಏನು ತಿನ್ನಬೇಕು ಅಂತೀರಾ? ಒಂದು ದೊಡ್ಡ ಬೆಟ್ಟದ ನೆಲ್ಲಿಕಾಯಿ ಒಂದು ದಿನದ ವಿಟಮಿನ್ ‘ಸಿ’ಗೆ ಸಾಕು. ರಾಗಿಯಲ್ಲಿ ಪಾಲಿಫಿನಾಲ್ ಎಂಬ ಆ್ಯಂಟಿಆಕ್ಸಿಡೆಂಟ್‌ಗಳಿವೆ, ಅವು ಬಹುಪಾಲು ಇರುವುದು ಅದರ ಸಿಪ್ಪೆಯಲ್ಲಿ, ಆದ್ದರಿಂದ ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು ತರಿ ಚೆಲ್ಲಬೇಡಿ. ಸೊಪ್ಪಿನ ಕ್ಯಾರೋಟಿನ್ ಮೈಗೆ ಹತ್ತಲು ಒಂಚೂರು ಎಣ್ಣೆ ಬೇಕು, ಒಗ್ಗರಣೆಯಲ್ಲೇ ಅದು ಸಿಗುತ್ತದೆ. ಸೊಪ್ಪು ಬೆಂದಾಗ ವಿಟಮಿನ್ ‘ಸಿ’ಯ ಒಂದು ಪಾಲು ಶಾಖಕ್ಕೆ ಹಾಳಾಗುತ್ತದೆ, ಇನ್ನೊಂದು ಪಾಲು ನೀರಿಗಿಳಿಯುತ್ತದೆ. ಆ ನೀರನ್ನು ಚೆಲ್ಲದೆ ನಮ್ಮವರು ಬಸ್ಸಾರು ಮಾಡಿದರು. ಎಷ್ಟು ಒಳ್ಳೆಯ ಅಡುಗೆ ಅದು! ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುವುದನ್ನು ಮಾತ್ರ ಬಾಣಲೆ ಒಲೆಯಿಂದ ಇಳಿಸಿದ ಮೇಲೆ ಇಟ್ಟುಕೊಳ್ಳಿ.

ನಮಸ್ಕಾರ.